ಹನ್ನೆರಡರ ಗೆರೆ: ಫುಲ್‌ಟೈಮ್ ವಿದ್ಯಾರ್ಥಿ ಅಂದರೆ ಯಾರು?

ಇವತ್ತು ನಾನು ಮಾತಾಡ್ತಿರೋದು ಕತಾರಿನ ದೋಹಾದಿಂದ, ಮದೀನತ್ ಖಲೀಫಾ ಬಡಾವಣೆಯ ನಮ್ಮ ಮನೆಯಿಂದ. ಹಿಂದೆ ಎ.ಸಿ. ಸದ್ದು ಕೇಳಿಸಿದರೆ ದಯವಿಟ್ಟು ಸಹಿಸಿಕೊಳ್ಳಿ. ಅದನ್ನು ಆರಿಸಿ ಇಲ್ಲಿ ಕೂರೋಕಾಗಲ್ಲ.

ಸಾಮಾನ್ಯವಾಗಿ ನಾವು ನಕ್ಷತ್ರ, ಜೀವಕೋಶ, ಹವಾಮಾನ ಅಂತೆಲ್ಲ ಮಾತಾಡ್ತೀವಿ. ಇವತ್ತಿನದು ಒಂದು ಅಳತೆಯ ಕಥೆ. ಮೀಟರ್, ಕಿಲೋಗ್ರಾಂ ಥರ ಇದೂ ಒಂದು ಮಾನ. ಹೆಸರು ಕ್ರೆಡಿಟ್ ಅವರ್. ಇದನ್ನು ಯಾವ ಪ್ರಯೋಗಾಲಯದಲ್ಲೂ ಇಟ್ಟಿಲ್ಲ. ಆದರೆ ನಿಮ್ಮ ಮಗಳೋ ತಮ್ಮನೋ ಈ ಸೆಮಿಸ್ಟರ್‌ನಲ್ಲಿ ಫುಲ್‌ಟೈಮ್ ವಿದ್ಯಾರ್ಥಿಯೋ ಪಾರ್ಟ್‌ಟೈಮ್ ವಿದ್ಯಾರ್ಥಿಯೋ ಅನ್ನೋದನ್ನು ತೀರ್ಮಾನ ಮಾಡೋದು ಇದೇ.

ಹೋದ ಸೆಮಿಸ್ಟರ್ ಶುರುವಿನಲ್ಲಿ ಒಂದು ಗುರುವಾರ ರಾತ್ರಿ ಪಕ್ಕದ ಮನೆಯ ಹುಡುಗ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ಜೊತೆಗೆ ಅವನ ತಾಯಿ. ಪುತ್ತೂರಿನ ಕಡೆಯವರು. ಹುಡುಗ ಇಲ್ಲಿನ ಒಂದು ಕಾಲೇಜಿನಲ್ಲಿ ಎರಡನೇ ವರ್ಷ. ಆ ಸೆಮಿಸ್ಟರ್‌ಗೆ ಐದು ಕೋರ್ಸ್ ತಗೊಂಡಿದ್ದ: ಕ್ಯಾಲ್ಕುಲಸ್ 4 ಕ್ರೆಡಿಟ್, ಭೌತಶಾಸ್ತ್ರ 3, ಅದರ ಲ್ಯಾಬ್ 1, ಇಂಗ್ಲಿಷ್ 3, ಇತಿಹಾಸ 3. ಒಟ್ಟು 14. ಕ್ಯಾಲ್ಕುಲಸ್ ತಲೆಗೆ ಹತ್ತುತ್ತಿಲ್ಲ, ಬಿಟ್ಟುಬಿಡೋಣ ಅಂತ ಪೋರ್ಟಲ್‌ನಲ್ಲಿ ಡ್ರಾಪ್ ಒತ್ತಿದರೆ ಒಂದು ಎಚ್ಚರಿಕೆ ಬಂತು: ಹೀಗೆ ಮಾಡಿದರೆ ನೀವು ಪಾರ್ಟ್‌ಟೈಮ್ ವಿದ್ಯಾರ್ಥಿ ಆಗ್ತೀರಿ.

ಅವನ ತಾಯಿಗೆ ಸಿಟ್ಟೇ ಬಂತು. "ಅಲ್ಲ ಅಣ್ಣ, ಬೆಳಿಗ್ಗೆ ಆರೂವರೆಗೆ ಹೋದವ ಸಂಜೆ ಬರುದು. ರಾತ್ರಿ ಹನ್ನೆರಡರವರೆಗೆ ಓದುದು. ಇವ ಪಾರ್ಟ್‌ಟೈಮ್ ಹೇಗೆ ಆಗುದು?" ಹುಡುಗ ಮೆಲ್ಲಗೆ ಹೇಳಿದ: "ಅಂಕಲ್, ಭಾನುವಾರ ಲಾಸ್ಟ್ ಡೇಟ್ ಉಂಟು. ಅಪ್ಪನ ಕಂಪನಿಯವರು ಫೀಸಿನ ಅರ್ಧ ಕೊಡುದು ಫುಲ್‌ಟೈಮ್ ಅಂತ ಲೆಟರ್ ಕೊಟ್ರೆ ಮಾತ್ರ."

ತಾಯಿ ಕೇಳಿದ ಪ್ರಶ್ನೆ ನ್ಯಾಯವಾದದ್ದು. ಇವತ್ತಿನ ಸಂಚಿಕೆ ಪೂರ್ತಿ ಅದಕ್ಕೆ ಉತ್ತರ.

ಮೊದಲು ಒಂದು ಗೊಂದಲ ಬಿಡಿಸೋಣ. ನಮ್ಮ ಊರಲ್ಲಿ ಫುಲ್‌ಟೈಮ್ ಅನ್ನೋದು ಅಡ್ಮಿಷನ್ ದಿನವೇ ತೀರ್ಮಾನ ಆಗಿಬಿಡುತ್ತೆ. ಬಿ.ಎಸ್ಸಿ.ಗೋ ಬಿ.ಇ.ಗೋ ಸೇರಿದರೆ ನೀವು ರೆಗ್ಯುಲರ್. ಸಂಜೆ ಕಾಲೇಜು ಅಥವಾ ದೂರಶಿಕ್ಷಣ ಅಂದರೆ ಬೇರೆ ಅರ್ಜಿ, ಬೇರೆ ತರಗತಿ. ಒಂದು ವಿಷಯದಲ್ಲಿ ಫೇಲಾದರೂ ನೀವು ರೆಗ್ಯುಲರ್ ವಿದ್ಯಾರ್ಥಿಯೇ. ಬ್ಯಾಕ್‌ಲಾಗ್ ಇರುತ್ತೆ ಅಷ್ಟೆ. ಅಮೆರಿಕನ್ ಪದ್ಧತಿಯಲ್ಲಿ ಹಾಗಲ್ಲ. ಅಲ್ಲಿ ಫುಲ್‌ಟೈಮ್ ಅನ್ನೋದು ಅಡ್ಮಿಷನ್‌ಗೆ ಅಂಟಿಕೊಂಡ ಗುಣ ಅಲ್ಲ, ಪ್ರತಿ ಸೆಮಿಸ್ಟರ್ ಹೊಸದಾಗಿ ಹಾಕುವ ಒಂದು ಕೂಡುವ ಲೆಕ್ಕ. ಆ ಸೆಮಿಸ್ಟರ್‌ನಲ್ಲಿ ನೋಂದಾಯಿಸಿದ ಕ್ರೆಡಿಟ್‌ಗಳನ್ನು ಕೂಡಿಸು. ಮೊತ್ತ 12 ಅಥವಾ ಹೆಚ್ಚಿದ್ದರೆ ಫುಲ್‌ಟೈಮ್. 11 ಆದರೆ ಪಾರ್ಟ್‌ಟೈಮ್. ಸ್ನಾತಕೋತ್ತರ ಓದಿಗೆ ಆ ಗೆರೆ ಸಾಮಾನ್ಯವಾಗಿ 9. ಕತಾರ್ ವಿಶ್ವವಿದ್ಯಾಲಯವೂ ಪದವಿ ಹಂತಕ್ಕೆ ಇದೇ ಹನ್ನೆರಡರ ಗೆರೆ ಇಟ್ಟುಕೊಂಡಿದೆ.

ಹಾಗಾದರೆ ಕ್ರೆಡಿಟ್ ಅಂದರೆ ಎಷ್ಟು? ವಾರಕ್ಕೆ ಒಂದು ಗಂಟೆ ಪಾಠ, ಅದಕ್ಕೆ ಮನೆಯಲ್ಲಿ ಸುಮಾರು ಎರಡು ಗಂಟೆ ಓದು, ಹೀಗೆ ಸುಮಾರು 15 ವಾರ. ಇದು ಒಂದು ಕ್ರೆಡಿಟ್. ಬಹಳ ಕಾಲ ರೂಢಿಯಲ್ಲಿದ್ದ ಈ ಲೆಕ್ಕವನ್ನು ಅಮೆರಿಕದ ಶಿಕ್ಷಣ ಇಲಾಖೆ 2010ರಲ್ಲಿ ನಿಯಮವಾಗಿ ಬರೆಯಿತು, 2011ರ ಜುಲೈನಿಂದ ಜಾರಿಗೆ ಬಂತು. ಇಲ್ಲಿ ಪಾಠದ "ಗಂಟೆ" ಅಂದರೆ ವಾಡಿಕೆಯಲ್ಲಿ 50 ನಿಮಿಷ. ಮೂರು ಕ್ರೆಡಿಟ್‌ನ ಕೋರ್ಸು ಭಾನುವಾರ, ಮಂಗಳವಾರ, ಗುರುವಾರ 50 ನಿಮಿಷದಂತೆ ನಡೀಬಹುದು, ಇಲ್ಲವೇ ಸೋಮವಾರ, ಬುಧವಾರ 75 ನಿಮಿಷದಂತೆ ನಡೀಬಹುದು. ಎರಡರಲ್ಲೂ ವಾರಕ್ಕೆ 150 ನಿಮಿಷವೇ.

ಈಗ ಗುಣಿಸಿ ನೋಡಿ. 12 ಕ್ರೆಡಿಟ್ ಅಂದರೆ ವಾರಕ್ಕೆ 12 ಗಂಟೆ ಪಾಠ, 24 ಗಂಟೆ ಮನೆ ಓದು, ಒಟ್ಟು 36 ಗಂಟೆ. ಇದು ಹೆಚ್ಚುಕಡಿಮೆ ಒಂದು ಪೂರ್ತಿ ನೌಕರಿಯ ವಾರ. ಅದಕ್ಕೇ ಫುಲ್‌ಟೈಮ್ ಅನ್ನೋ ಹೆಸರು ಹೊಂದಿಕೊಂಡಿದೆ.

ಆದರೆ ಲ್ಯಾಬ್ ಬಂದ ಕೂಡಲೇ ಲೆಕ್ಕ ಜಾರುತ್ತೆ. ನಮ್ಮ ಹುಡುಗನ ಭೌತಶಾಸ್ತ್ರದ ಲ್ಯಾಬ್ ವಾರಕ್ಕೆ ಮೂರು ಗಂಟೆ. ಸಿಗೋದು ಒಂದೇ ಕ್ರೆಡಿಟ್. ಲ್ಯಾಬ್‌ನಲ್ಲಿ ಕೆಲಸ ಅಲ್ಲೇ ಮುಗಿಯುತ್ತೆ, ಮನೆಗೆ ಹೊರುವ ಹೊರೆ ಕಡಿಮೆ ಅನ್ನೋದು ಇದರ ಹಿಂದಿನ ತರ್ಕ. ರಿಪೋರ್ಟ್ ಬರೆದವರಿಗೆ ಗೊತ್ತು ಅದೆಷ್ಟು ನಿಜ ಅಂತ. ಕ್ಯಾಲ್ಕುಲಸ್ ಬಿಟ್ಟರೆ ಅವನು ವಾರಕ್ಕೆ 12 ಗಂಟೆ ಕಾಲೇಜಿನ ಕೋಣೆಗಳಲ್ಲೇ ಕೂತಿರ್ತಾನೆ, ಆದರೆ ಕ್ರೆಡಿಟ್ 10. ಬರೀ ಪಾಠದ ಕೋರ್ಸುಗಳನ್ನೇ ತಗೊಂಡ ಅವನ ಗೆಳೆಯ ಅದೇ 12 ಗಂಟೆ ಕೂತು ಫುಲ್‌ಟೈಮ್ ಆಗ್ತಾನೆ. ತಾಯಿಯ ಪ್ರಶ್ನೆಗೆ ಮೊದಲ ಉತ್ತರ ಇದು: ಕಾಲೇಜು ಎಣಿಸೋದು ಮಗ ಪಟ್ಟ ಕಷ್ಟವನ್ನಲ್ಲ, ಅವನು ನೋಂದಾಯಿಸಿದ ಕ್ರೆಡಿಟ್ಟನ್ನು.

ಇಂಥ ಒಂದು ಅಳತೆ ಬಂದದ್ದಾದರೂ ಎಲ್ಲಿಂದ? ಪಿಂಚಣಿಯಿಂದ.

19ನೇ ಶತಮಾನದ ಕೊನೆಯಲ್ಲಿ ಹಾರ್ವರ್ಡ್‌ನ ಅಧ್ಯಕ್ಷ ಚಾರ್ಲ್ಸ್ ಎಲಿಯಟ್, ವಿದ್ಯಾರ್ಥಿಗಳು ತಮಗೆ ಬೇಕಾದ ವಿಷಯಗಳನ್ನು ಆರಿಸಿಕೊಳ್ಳಲಿ ಅಂದರು. ಎಲ್ಲರೂ ಒಂದೇ ಪಾಠ ಓದುವಾಗ ಅಳತೆ ಬೇಕಿರಲಿಲ್ಲ. ಒಬ್ಬ ಗ್ರೀಕ್, ಇನ್ನೊಬ್ಬ ರಸಾಯನಶಾಸ್ತ್ರ ಓದೋಕೆ ಶುರು ಮಾಡಿದ ಮೇಲೆ ಎರಡನ್ನೂ ತೂಗುವ ಒಂದು ತಕ್ಕಡಿ ಬೇಕಾಯಿತು. 1905ರಲ್ಲಿ ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿ ಕಾಲೇಜು ಅಧ್ಯಾಪಕರ ಪಿಂಚಣಿಗಾಗಿ 1 ಕೋಟಿ ಡಾಲರ್ ಕೊಟ್ಟ. ಪಿಂಚಣಿ ಯಾರಿಗೆ ಕೊಡಬೇಕು? ಕಾಲೇಜಿನ ಅಧ್ಯಾಪಕರಿಗೆ. ಕಾಲೇಜು ಅಂದರೆ ಯಾವುದು? ಆ ಕಾಲದಲ್ಲಿ ಯಾರು ಬೇಕಾದರೂ ಕಾಲೇಜು ಅಂತ ಬೋರ್ಡು ಹಾಕಿಕೊಳ್ಳಬಹುದಿತ್ತು. ಹಾಗಾಗಿ ಕಾರ್ನೆಗಿ ಪ್ರತಿಷ್ಠಾನ ಒಂದು ವ್ಯಾಖ್ಯೆ ಮಾಡಿತು: ಕಾಲೇಜಿಗೆ ಸೇರುವವರು ಹೈಸ್ಕೂಲಿನಲ್ಲಿ ಇಂತಿಷ್ಟು ಯೂನಿಟ್ ಓದಿರಬೇಕು. ಒಂದು ಯೂನಿಟ್ ಅಂದರೆ ಒಂದು ವಿಷಯಕ್ಕೆ ವರ್ಷದಲ್ಲಿ 120 ಗಂಟೆ. ಪಿಂಚಣಿಯ ಆಸೆಗೆ ಕಾಲೇಜುಗಳು ಒಪ್ಪಿದವು, ಕಾಲೇಜುಗಳ ಹಿಂದೆ ಹೈಸ್ಕೂಲುಗಳೂ ಒಪ್ಪಿದವು.

1910ರಲ್ಲಿ ಅದೇ ಪ್ರತಿಷ್ಠಾನಕ್ಕಾಗಿ ಮಾರಿಸ್ ಕುಕ್ ಎಂಬ ಎಂಜಿನಿಯರ್ ಒಂದು ವರದಿ ಬರೆದ. ಕಾರ್ಖಾನೆಯಲ್ಲಿ ದಕ್ಷತೆ ಅಳೆಯುವ ರೀತಿಯಲ್ಲೇ ಕಾಲೇಜನ್ನೂ ಅಳೆಯಬೇಕು ಅಂದ. ಅವನು ಸೂಚಿಸಿದ ಮಾನ "ವಿದ್ಯಾರ್ಥಿ ಗಂಟೆ", ಅಂದರೆ ಒಬ್ಬ ವಿದ್ಯಾರ್ಥಿಯ ಒಂದು ಗಂಟೆಯ ಪಾಠ ಅಥವಾ ಪ್ರಯೋಗ. ಕಟ್ಟಡದ ಬಳಕೆ, ಅಧ್ಯಾಪಕರ ಕೆಲಸ, ಖರ್ಚು ಎಲ್ಲವನ್ನೂ ಇದರಿಂದ ಭಾಗಿಸಬಹುದಿತ್ತು. ಇವತ್ತಿನ ಕ್ರೆಡಿಟ್ ಅವರ್ ಬೆಳೆದದ್ದು ಈ ಬೇರುಗಳಿಂದ. ಯಾರು ಎಷ್ಟು ಕಲಿತರು ಅನ್ನೋದನ್ನು ಅಳೆಯಲು ಇದನ್ನು ಮಾಡಲೇ ಇಲ್ಲ. 2015ರಲ್ಲಿ ಕಾರ್ನೆಗಿ ಪ್ರತಿಷ್ಠಾನವೇ ಅಧ್ಯಯನ ಮಾಡಿ ಇದನ್ನು ಒಪ್ಪಿಕೊಂಡಿತು: ಇದು ಕಲಿಕೆಯ ಒಳ್ಳೆಯ ಅಳತೆ ಅಲ್ಲ, ಆದರೆ ಇಷ್ಟು ದೊಡ್ಡ ವ್ಯವಸ್ಥೆ ಒಂದಕ್ಕೊಂದು ವ್ಯವಹರಿಸಲು ಸದ್ಯಕ್ಕೆ ಬೇರೆ ನಾಣ್ಯವಿಲ್ಲ.

ದೋಹಾದಲ್ಲಿ ಈ ಕಥೆಗೆ ಒಂದು ಸ್ವಾರಸ್ಯದ ತಿರುವಿದೆ. ನಮ್ಮ ಮನೆಯಿಂದ ಪಶ್ಚಿಮಕ್ಕೆ ಹೋದರೆ ಎಜುಕೇಷನ್ ಸಿಟಿ. ಅಲ್ಲಿ 2004ರಿಂದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕ್ಯಾಂಪಸ್ ಇದೆ. ಹೌದು, ಅದೇ ಕಾರ್ನೆಗಿ ಪಿಟ್ಸ್‌ಬರ್ಗ್‌ನಲ್ಲಿ 1900ರಲ್ಲಿ ಸ್ಥಾಪಿಸಿದ ತಾಂತ್ರಿಕ ಶಾಲೆ ಬೆಳೆದು ಆದದ್ದು. ಆದರೆ ಅವರು ಕ್ರೆಡಿಟ್ ಅವರ್‌ನಲ್ಲಿ ಎಣಿಸಲ್ಲ. ಅವರದು ಯೂನಿಟ್. ಒಂದು ಯೂನಿಟ್ ಅಂದರೆ ಪಾಠ, ಲ್ಯಾಬ್, ಮನೆ ಓದು ಎಲ್ಲ ಸೇರಿ ವಾರಕ್ಕೆ ಒಂದು ಗಂಟೆಯ ಕೆಲಸ. ಮೂರು ಯೂನಿಟ್‌ಗೆ ಒಂದು ಸಾಮಾನ್ಯ ಕ್ರೆಡಿಟ್. ಅಲ್ಲಿ ಫುಲ್‌ಟೈಮ್ ಗೆರೆ 36 ಯೂನಿಟ್. ಮೂರರಿಂದ ಭಾಗಿಸಿ, ಮತ್ತೆ ಅದೇ 12. ನಾವು ಆಗಲೇ ಗುಣಿಸಿದ 36 ಗಂಟೆಯೂ ಇದೇ. ಹಾಗಾಗಿ ದೋಹಾದ ಇಬ್ಬರು ಗೆಳೆಯರು ಒಬ್ಬ "ನಂದು 45", ಇನ್ನೊಬ್ಬ "ನಂದು 15" ಅಂದರೆ ಇಬ್ಬರ ಹೊರೆಯೂ ಒಂದೇ ಇರಬಹುದು.

ಗೆರೆ ದಾಟಿದರೆ ಏನಾಗುತ್ತೆ? ವಿಚಿತ್ರ ಅಂದರೆ, ತರಗತಿಯಲ್ಲಿ ಏನೂ ಆಗಲ್ಲ. ಅದೇ ಮೇಷ್ಟ್ರು, ಅದೇ ಬೆಂಚು, ಅದೇ ಪರೀಕ್ಷೆ. ಬದಲಾಗೋದು ತರಗತಿಯ ಹೊರಗೆ. ಸ್ಕಾಲರ್‌ಶಿಪ್, ಹಾಸ್ಟೆಲ್, ತಂದೆಯ ಕಂಪನಿಯ ಶಿಕ್ಷಣ ಭತ್ಯೆ, ವಿಮೆ, ವೀಸಾ, ಇವೆಲ್ಲ ತಮ್ಮ ತಮ್ಮ ನಿಯಮದಲ್ಲಿ ಫುಲ್‌ಟೈಮ್ ಅನ್ನೋ ಒಂದು ಪದವನ್ನು ಬರೆದುಕೊಂಡಿರುತ್ತವೆ. ಯಾರೂ ತಾವಾಗಿ ಅಳೆಯಲ್ಲ. ರಿಜಿಸ್ಟ್ರಾರ್ ಕಚೇರಿಯ ಒಂದು ಪತ್ರ ಕೇಳ್ತಾರೆ. ಒಂದು ಕೂಡುವ ಲೆಕ್ಕದ ಮೇಲೆ ಇಷ್ಟೆಲ್ಲ ನಿಂತಿರುತ್ತೆ.

ಇಲ್ಲಿಂದ ಅಮೆರಿಕಕ್ಕೆ ಓದೋಕೆ ಹೋಗುವ ಮಕ್ಕಳ ತಂದೆತಾಯಿ ಈ ಮಾತನ್ನು ಗಮನವಿಟ್ಟು ಕೇಳಿ. ಎಫ್-1 ವೀಸಾದ ಮೇಲೆ ಪದವಿ ಓದುವವರು ಪ್ರತಿ ನಿಯಮಿತ ಸೆಮಿಸ್ಟರ್‌ನಲ್ಲಿ ಕನಿಷ್ಠ 12 ಕ್ರೆಡಿಟ್ ಇಟ್ಟುಕೊಳ್ಳಲೇಬೇಕು. ಆ ಲೆಕ್ಕಕ್ಕೆ ಪೂರ್ತಿ ಆನ್‌ಲೈನ್ ಆದ ಒಂದೇ ಕೋರ್ಸ್, ಅಂದರೆ 3 ಕ್ರೆಡಿಟ್, ಸೇರುತ್ತೆ. ಕಷ್ಟವಾದರೆ ಕಡಿಮೆ ಮಾಡಿಕೊಳ್ಳಲು ದಾರಿ ಇದೆ. ಶುರುವಿನಲ್ಲಿ ಇಂಗ್ಲಿಷಿನ ತೊಂದರೆ, ಅಲ್ಲಿನ ಪಾಠಕ್ರಮ ಹೊಸದು, ಮಟ್ಟ ಮೀರಿದ ಕೋರ್ಸಿಗೆ ಹಾಕಿಬಿಟ್ಟಿದ್ದಾರೆ, ಇಂಥ ಕಾರಣಕ್ಕೆ ಅರ್ಧ ಹೊರೆವರೆಗೆ, ಅಂದರೆ 6 ಕ್ರೆಡಿಟ್‌ವರೆಗೆ ಇಳಿಯಬಹುದು. ಕಾಯಿಲೆಯಾದರೆ ಇನ್ನೂ ಹೆಚ್ಚು ರಿಯಾಯಿತಿ. ಆದರೆ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಅಧಿಕಾರಿಯ ಅನುಮತಿ ಮೊದಲು, ಡ್ರಾಪ್ ಆಮೇಲೆ. ಈ ಕ್ರಮ ತಿರುವುಮುರುವಾದರೆ ವೀಸಾ ಸ್ಥಿತಿಯೇ ಹೋಗಬಹುದು.

ಅಮೆರಿಕದಲ್ಲೇ ನೆಲೆಸಿದ ಕನ್ನಡ ಕುಟುಂಬಗಳಿಗೂ ಒಂದು ವಿಷಯ. ಅಲ್ಲಿನ ಪೆಲ್ ಗ್ರ್ಯಾಂಟ್ ಅನ್ನೋ ಸರ್ಕಾರಿ ನೆರವು ಮೊದಲು ಮೆಟ್ಟಿಲು ಮೆಟ್ಟಿಲಾಗಿತ್ತು: 12ಕ್ಕೆ ಪೂರ್ತಿ, 9ರಿಂದ 11ಕ್ಕೆ ಮುಕ್ಕಾಲು, 6ರಿಂದ 8ಕ್ಕೆ ಅರ್ಧ. 2024-25ರಿಂದ ಅದನ್ನು ಇಳಿಜಾರು ಮಾಡಿದ್ದಾರೆ. 11 ಕ್ರೆಡಿಟ್ ಇದ್ದರೆ ಶೇಕಡಾ 92. ಒಂದು ಕ್ರೆಡಿಟ್ ತಪ್ಪಿದರೆ ಕಾಲು ಭಾಗ ಹೋಗುವ ಅನ್ಯಾಯ ಅಲ್ಲಿ ತಪ್ಪಿದೆ. ಆದರೆ ಎಲ್ಲಾ ಕಡೆ ಇಳಿಜಾರಿಲ್ಲ. ವೀಸಾದಲ್ಲಿ ಈಗಲೂ ಮೆಟ್ಟಿಲೇ.

ಈಗ ನಮ್ಮ ಊರಿಗೆ ಬರೋಣ. ಕ್ರೆಡಿಟ್ ನಮಗೂ ಹೊಸದಲ್ಲ. ಎಂಜಿನಿಯರಿಂಗ್ ಪಠ್ಯಕ್ರಮದ ಪುಟದಲ್ಲಿ ಎಲ್-ಟಿ-ಪಿ ಅಂತ ಮೂರು ಕಾಲಂ ನೋಡಿರ್ತೀರಿ. ಪಾಠಕ್ಕೆ ವಾರಕ್ಕೆ 1 ಗಂಟೆಗೆ 1 ಕ್ರೆಡಿಟ್, ಟ್ಯುಟೋರಿಯಲ್‌ಗೂ ಅಷ್ಟೇ, ಪ್ರಾಯೋಗಿಕಕ್ಕೆ 2 ಗಂಟೆಗೆ 1. ಎಐಸಿಟಿಇಯ 2018ರ ಮಾದರಿ ಪಠ್ಯಕ್ರಮದಲ್ಲಿ ಬಿ.ಇ.ಗೆ ಒಟ್ಟು 160 ಕ್ರೆಡಿಟ್. ಯುಜಿಸಿ 2022ರ ಡಿಸೆಂಬರ್‌ನಲ್ಲಿ ಹೊರಡಿಸಿದ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಗೆ ಕನಿಷ್ಠ 120, ನಾಲ್ಕು ವರ್ಷಕ್ಕೆ 160. ಅಂದರೆ ಸೆಮಿಸ್ಟರ್‌ಗೆ 20. ಕರ್ನಾಟಕ 2024-25ರಿಂದ ಮೂರು ವರ್ಷದ ಪದವಿಗೇ ಮರಳಿದೆ.

ಇಲ್ಲಿ ಒಂದು ಎಚ್ಚರ ಬೇಕು. ಅಮೆರಿಕನ್ ಪದ್ಧತಿಯಲ್ಲಿ ನಾಲ್ಕು ವರ್ಷದ ಪದವಿಗೆ ಸುಮಾರು 120 ಕ್ರೆಡಿಟ್, ನಮ್ಮಲ್ಲಿ ಮೂರು ವರ್ಷಕ್ಕೇ 120. ಸಂಖ್ಯೆ ಒಂದೇ ಅಂತ ಎರಡೂ ಒಂದೇ ಅಂದುಕೊಳ್ಳಬಾರದು. ಯುರೋಪಿನಲ್ಲಿ ವರ್ಷಕ್ಕೆ 60 ಕ್ರೆಡಿಟ್, ಅಲ್ಲಿ ಒಂದು ಕ್ರೆಡಿಟ್ ಅಂದರೆ ಮನೆ ಓದೂ ಸೇರಿ ಒಟ್ಟು 25ರಿಂದ 30 ಗಂಟೆ ಕೆಲಸ. ನಮ್ಮೂರಲ್ಲಿ ಹಿಂದೆ ಸೇರು ಅಂದರೆ ಊರಿಗೊಂದು ಅಳತೆ ಇತ್ತಲ್ಲ, ಹಾಗೆ. ಹೆಸರು ಒಂದೇ, ಪಾತ್ರೆ ಬೇರೆ.

ಇನ್ನು, ಕೇಳುಗರಲ್ಲಿ ಬಹಳ ಜನ ಸಿಕ್ಕಿಹಾಕಿಕೊಳ್ಳುವ ಒಂದು ಬಲೆ. "ಫುಲ್‌ಟೈಮ್ ಇದ್ದಾನೆ, ನಾಲ್ಕು ವರ್ಷಕ್ಕೆ ಮುಗಿಸ್ತಾನೆ" ಅನ್ನೋ ನಂಬಿಕೆ. ಲೆಕ್ಕ ಹಾಕಿ. ಸೆಮಿಸ್ಟರ್‌ಗೆ 12ರಂತೆ ಎಂಟು ಸೆಮಿಸ್ಟರ್‌ಗೆ 96. ಬೇಕಾದದ್ದು 120. ಇನ್ನೂ 24 ಬಾಕಿ, ಅಂದರೆ ಅದೇ ವೇಗದಲ್ಲಿ ಇನ್ನೊಂದು ವರ್ಷ, ಇನ್ನೊಂದು ವರ್ಷದ ಫೀಸು. ನಾಲ್ಕು ವರ್ಷಕ್ಕೆ ಮುಗಿಸಬೇಕಾದರೆ ಸೆಮಿಸ್ಟರ್‌ಗೆ 15 ಬೇಕು. 12 ಅನ್ನೋದು ಹೆಸರು ಉಳಿಸಿಕೊಳ್ಳುವ ಗೆರೆ. 15 ಅನ್ನೋದು ಸಮಯಕ್ಕೆ ಊರು ತಲುಪುವ ವೇಗ. ಮೊದಲನೆಯದನ್ನು ಪೋರ್ಟಲ್ ಎಚ್ಚರಿಸುತ್ತೆ. ಎರಡನೆಯದನ್ನು ನಾವೇ ಲೆಕ್ಕ ಇಟ್ಟುಕೊಳ್ಳಬೇಕು.

ಡ್ರಾಪ್ ಬೇರೆ, ವಿತ್‌ಡ್ರಾ ಬೇರೆ, ಇದೂ ಗೊತ್ತಿರಲಿ. ಸೆಮಿಸ್ಟರ್ ಶುರುವಾದ ಮೊದಲ ಒಂದೆರಡು ವಾರದ ಒಳಗೆ ಬಿಟ್ಟರೆ ಡ್ರಾಪ್. ಕೋರ್ಸ್ ಇರಲೇ ಇಲ್ಲ ಅನ್ನೋ ಹಾಗೆ ಅಳಿಸಿಹೋಗುತ್ತೆ, ಕ್ರೆಡಿಟ್ ಮೊತ್ತದಿಂದಲೂ ಹೋಗುತ್ತೆ. ಆ ಗಡುವು ದಾಟಿದ ಮೇಲೆ ಬಿಟ್ಟರೆ ವಿತ್‌ಡ್ರಾ. ಅಂಕಪಟ್ಟಿಯಲ್ಲಿ ಒಂದು ಗುರುತು ಉಳಿಯುತ್ತೆ, ಫೀಸು ಸಾಮಾನ್ಯವಾಗಿ ಪೂರ್ತಿ ವಾಪಸ್ ಬರಲ್ಲ. ಆಮೇಲೆ ಅವನನ್ನು ಫುಲ್‌ಟೈಮ್ ಅಂತ ಎಣಿಸಬೇಕೋ ಬೇಡವೋ ಅನ್ನೋದು ಕೇಳುವವರ ಮೇಲೆ ಹೋಗುತ್ತೆ. ಕಾಲೇಜಿನ ಉತ್ತರ ಒಂದು, ಸ್ಕಾಲರ್‌ಶಿಪ್ ಕೊಟ್ಟವರದು ಇನ್ನೊಂದು ಇರಬಹುದು. ಇಬ್ಬರನ್ನೂ ಬರಹದಲ್ಲೇ ಕೇಳಬೇಕು.

ಸರಿ, ಆ ಗುರುವಾರ ರಾತ್ರಿಗೆ ವಾಪಸ್ ಹೋಗೋಣ. ನಾನು ಹುಡುಗನಿಗೆ ಹೇಳಿದ್ದು ಒಂದೇ ಮಾತು: "ಭಾನುವಾರ ಬೆಳಿಗ್ಗೆ ಅಡ್ವೈಸರ್ ಹತ್ತಿರ ಹೋಗು. ಅದಕ್ಕೆ ಮುಂಚೆ ಏನೂ ಒತ್ತಬೇಡ." ಹೋದ. ಅಡ್ವೈಸರ್ ಪರದೆ ನೋಡಿ ನಮಗ್ಯಾರಿಗೂ ಹೊಳೆಯದ ಒಂದು ವಿಷಯ ಹೇಳಿದರು. ಅವನ ಭೌತಶಾಸ್ತ್ರ ತಗೋಬೇಕಾದರೆ ಅದೇ ಸೆಮಿಸ್ಟರ್‌ನಲ್ಲಿ ಕ್ಯಾಲ್ಕುಲಸ್ ಜೊತೆಗಿರಲೇಬೇಕು. ಕ್ಯಾಲ್ಕುಲಸ್ ಬಿಟ್ಟರೆ ಭೌತಶಾಸ್ತ್ರವೂ ಹೋಗುತ್ತೆ, ಲ್ಯಾಬೂ ಹೋಗುತ್ತೆ. 14ರಲ್ಲಿ 8 ಹೋಗಿ ಉಳಿಯೋದು ಬರೀ 6.

ಕೊನೆಗೆ ಅವರು ಬೇರೆ ದಾರಿ ಹುಡುಕಿದರು. ಬಿಡಬೇಕಾದ್ದು ಕ್ಯಾಲ್ಕುಲಸ್ ಅಲ್ಲ, ಕ್ಯಾಲ್ಕುಲಸ್‌ಗೆ ಸಮಯ ಕೊಡದಂತೆ ಮಾಡುತ್ತಿದ್ದ ಇತಿಹಾಸ. ಓದುವ ಪುಟಗಳು ಅದರಲ್ಲೇ ಹೆಚ್ಚು. ಅದನ್ನು ಬಿಟ್ಟ, 11 ಆಯ್ತು. ಒಂದು ಕ್ರೆಡಿಟ್‌ನ ವ್ಯಾಯಾಮದ ಕೋರ್ಸ್ ಸೇರಿಸಿದ, 12 ಆಯ್ತು. ಪತ್ರ ಸಿಕ್ಕಿತು. ಅಪ್ಪನ ಕಂಪನಿ ಒಪ್ಪಿತು.

ಸುಖಾಂತ್ಯ ಅಂತ ನಾನು ಹೇಳಲ್ಲ. 12ರಲ್ಲಿ ನಿಂತವನಿಗೆ ಆ ಸೆಮಿಸ್ಟರ್ ಪೂರ್ತಿ ಹಿಂದೆ ಸರಿಯಲು ಜಾಗ ಇಲ್ಲ. ಒಂದೇ ಒಂದು ಕ್ರೆಡಿಟ್ ಬಿಡುವಂತಿಲ್ಲ. ಇತಿಹಾಸವನ್ನು ಬೇಸಿಗೆಯಲ್ಲಿ ಮಾಡಬೇಕು, ಊರಿಗೆ ಹೋಗುವ ಟಿಕೆಟ್ ಮುಂದೆ ಹಾಕಬೇಕು. ಅಜ್ಜಿಯ ಮನೆಯ ಹಲಸಿನಹಣ್ಣು ಈ ವರ್ಷ ಇಲ್ಲ ಅಂತ ಅವನ ತಾಯಿಗೆ ಬೇಜಾರು. ಆದರೆ ಕ್ಯಾಲ್ಕುಲಸ್‌ನಲ್ಲಿ ಸಿ ಬಂತು. ಹೇಳಿಕೊಳ್ಳುವಂಥದ್ದಲ್ಲ, ಆದರೆ ಪಾಸು.

ಅವರು ಮತ್ತೆ ಸಿಕ್ಕಾಗ ಕೇಳಿದರು: "ಅಣ್ಣ, ಪಾರ್ಟ್‌ಟೈಮ್ ಅಂದ್ರೆ ಕಡಿಮೆ ಅಂತಲಾ?" ಅಲ್ಲ ಅಕ್ಕ ಅಂದೆ. ಹಗಲು ಕೆಲಸ ಮಾಡಿ ಸಂಜೆ ಎರಡು ಕೋರ್ಸ್ ಓದುವವರು ದೋಹಾದಲ್ಲಿ ಎಷ್ಟೋ ಜನ ಇದ್ದಾರೆ. ಅವರ ಆರು ಕ್ರೆಡಿಟ್‌ನ ಹಿಂದಿರುವ ದುಡಿಮೆ ಯಾರ ಹದಿನೈದಕ್ಕೂ ಕಡಿಮೆಯಲ್ಲ. ಪಾರ್ಟ್‌ಟೈಮ್ ಅನ್ನೋದು ಯೋಗ್ಯತೆಯ ತೀರ್ಪಲ್ಲ. ಗೊತ್ತಿದ್ದು ಆರಿಸಿಕೊಂಡರೆ ಅದೊಂದು ಒಳ್ಳೆಯ ದಾರಿ. ಗೊತ್ತಿಲ್ಲದೆ ಒಂದು ಬಟನ್ ಒತ್ತಿ ಅದರೊಳಗೆ ಬಿದ್ದರೆ ಮಾತ್ರ ಕಷ್ಟ.

ಹಾಗಾಗಿ ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಸೆಮಿಸ್ಟರ್ ಶುರುವಿನಲ್ಲಿ ನಾಲ್ಕು ಪ್ರಶ್ನೆ ಕೇಳಿ. ಈಗ ಒಟ್ಟು ಎಷ್ಟು ಕ್ರೆಡಿಟ್? ನಿಮ್ಮಲ್ಲಿ ಫುಲ್‌ಟೈಮ್ ಗೆರೆ ಎಷ್ಟು? ಡ್ರಾಪ್ ಮಾಡಲು ಕೊನೇ ದಿನ ಯಾವುದು? ಈ ಕೋರ್ಸ್ ಬಿಟ್ಟರೆ ಇದರ ಜೊತೆ ಇನ್ಯಾವುದು ಹೋಗುತ್ತೆ? ಅಂಕ ಎಷ್ಟು ಅಂತ ಕೇಳೋದು ಆಮೇಲೆ ಇದ್ದೇ ಇದೆ.

ನಿಮ್ಮ ಊರಲ್ಲಿ, ನಿಮ್ಮ ದೇಶದಲ್ಲಿ ಈ ಗೆರೆ ಎಲ್ಲಿದೆ ಅಂತ ನಮಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ. ಅಲ್ಲಿಯವರೆಗೆ, ಮದೀನತ್ ಖಲೀಫಾದಿಂದ ನಮಸ್ಕಾರ.